ಮನೆಯಲ್ಲೇ ಲ್ಯಾವೆಂಡರ್ ಎಣ್ಣೆ: ಬಿಸಿಲೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ತಲೆಗೆ ಹಚ್ಚುವ ಎಣ್ಣೆಯನ್ನು ನಮ್ಮ ಮನೆಗೆ ಅಂಗಡಿಯಿಂದ ತಂದದ್ದು ಕಡಿಮೆ. ಅವ್ವ ಗರಗದ ಸೊಪ್ಪು, ದಾಸವಾಳ, ಕರಿಬೇವು ಹಾಕಿ ಕಾಸುತ್ತಿದ್ದಳು. ಅದೇ ಎಣ್ಣೆಗೆ ಲ್ಯಾವೆಂಡರ್ ಸೇರಿಸುವ ಹುಚ್ಚು ನನಗೆ ಹತ್ತಿ ಆರೇಳು ವರ್ಷವಾಯಿತು. ಬಳ್ಳಾರಿಯ ನಮ್ಮ ಓಣಿಯವರು, ಸಿಂಧನೂರಿನ ಬೀಗರು, ಕೊಪ್ಪಳದಲ್ಲಿರುವ ತಂಗಿಯ ಗೆಳತಿಯರು ಕೇಳುತ್ತ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಮಾಡುವ ವಿಧಾನ ಹುಡುಕಿದರೆ ಎಲ್ಲ ಕಡೆ ಸಿಗುತ್ತದೆ. ಆದರೆ ಅದರಲ್ಲಿ ಬಹುಪಾಲು ಚಳಿ ದೇಶದ ಕಿಟಕಿ ನೋಡಿ ಬರೆದದ್ದು, ನಮ್ಮ ಮಾಳಿಗೆ ನೋಡಿ ಬರೆದದ್ದಲ್ಲ. ಎಡವಟ್ಟು ಆಗುವುದೇ ಅಲ್ಲಿ.

ಇದು ಅಂಗಡಿಯಲ್ಲಿ ಪುಟ್ಟ ಸೀಸೆಯಲ್ಲಿ ಮಾರುವ ಲ್ಯಾವೆಂಡರ್ ಆಯಿಲ್ ತಾನೇ?

ಅಲ್ಲ. ಹತ್ತು ಮಿಲಿ ಸೀಸೆಯಲ್ಲಿ ಬರುವುದು ಸುಗಂಧ ಸಾರ. ಹೂವಿನ ರಾಶಿಯ ಮೂಲಕ ಹಬೆ ಹಾಯಿಸಿ, ಆ ಹಬೆಯನ್ನು ತಣಿಸಿ, ನೀರಿನ ಮೇಲೆ ತೇಲುವ ತೆಳು ಎಣ್ಣೆಯನ್ನು ಬೇರೆ ಮಾಡಿ ತೆಗೆಯುತ್ತಾರೆ. 100 ಕಿಲೋ ಹೂ ಹಾಕಿದರೆ ಒಂದೆರಡು ಕಿಲೋ ಸಿಕ್ಕರೆ ದೊಡ್ಡದು. ಮನೆಯ ಕುಕ್ಕರಿನಲ್ಲಿ ಆಗುವ ಕೆಲಸವಲ್ಲ.

ನಾವು ಮಾಡುವುದು ನೆನೆಸಿದ ಎಣ್ಣೆ. ಒಣಗಿದ ಹೂವನ್ನು ಎಳ್ಳೆಣ್ಣೆಯಲ್ಲೋ ಕೊಬ್ಬರಿ ಎಣ್ಣೆಯಲ್ಲೋ ನೆನೆಸಿ, ಅದರ ಘಮ ಎಣ್ಣೆಗೆ ಇಳಿಯುವಂತೆ ಮಾಡುವುದು. ಘಮ ಮೆಲ್ಲಗೆ ಇರುತ್ತದೆ, ಮೂಗಿಗೆ ಹೊಡೆಯುವುದಿಲ್ಲ. ಸಾರವನ್ನು ಹನಿ ಲೆಕ್ಕದಲ್ಲಿ ಬಳಸಬೇಕು, ಇದನ್ನು ಅಂಗೈಗೆ ಸುರುವಿಕೊಂಡು ತಲೆಗೆ ತಿಕ್ಕಬಹುದು. ಈ ಎರಡರ ವ್ಯತ್ಯಾಸ ತಲೆಗೆ ಹೋಗದೆ ಮುಂದಿನ ಯಾವ ಉತ್ತರವೂ ಉಪಯೋಗಕ್ಕೆ ಬರುವುದಿಲ್ಲ. ಸಾರದ ಬಗ್ಗೆ ಬರೆದ ಗುಣಗಳನ್ನೆಲ್ಲ ನೆನೆಸಿದ ಎಣ್ಣೆಯ ತಲೆಗೆ ಕಟ್ಟಿ ಆಮೇಲೆ ‘ಏನೂ ಆಗಲಿಲ್ಲ’ ಎನ್ನುವವರೇ ಹೆಚ್ಚು.

ಲ್ಯಾವೆಂಡರ್ ಅಂದರೆ ನಮ್ಮ ಲಾವಂಚವೇ?

ಈ ಪ್ರಶ್ನೆಗೆ ನಗಬೇಡಿ, ನಾನೇ ಬೇಸ್ತು ಬಿದ್ದವಳು. ಮೊದಲ ಸಲ ಇಲ್ಲಿಯ ಗ್ರಂಥಿಗೆ ಅಂಗಡಿಯಲ್ಲಿ ಲ್ಯಾವೆಂಡರ್ ಕೇಳಿದಾಗ ಅಂಗಡಿಯವರು ಒಳಗೆ ಹೋಗಿ ಕಂದು ಬಣ್ಣದ ಬೇರಿನ ಕಟ್ಟು ತಂದಿಟ್ಟು, ‘ಇದ ನೋಡ್ರಿ ಅಕ್ಕಾರ, ಕೂಲರಿಗೂ ಹಾಕ್ತಾರ, ಕುಡಿಯೋ ನೀರಿಗೂ ಹಾಕ್ತಾರ’ ಅಂದರು. ನಾನೂ ತಲೆಯಾಡಿಸಿ ತಂದೆ. ಅದು ಲಾವಂಚ, ಹುಲ್ಲಿನ ಜಾತಿಯ ಗಿಡದ ಬೇರು. ಮಳೆ ಬಿದ್ದ ಮಣ್ಣಿನ ವಾಸನೆ ಅದಕ್ಕೆ. ಲ್ಯಾವೆಂಡರ್ ತುಳಸಿ, ಪುದೀನಾ, ಮರುಗದ ಬಳಗದ್ದು. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡು ಅದರ ತವರು. ನಾವು ಬಳಸುವುದು ಅದರ ನೇರಳೆ ಮೊಗ್ಗು. ಹೆಸರಿನ ಮೊದಲಕ್ಷರ ಬಿಟ್ಟರೆ ಎರಡಕ್ಕೂ ಸಂಬಂಧವಿಲ್ಲ.

ಹೀಗಿದ್ದೂ ಆ ಬೇರು ದಂಡವಾಗಲಿಲ್ಲ. ಅದನ್ನು ಎಣ್ಣೆಗೆ ಹಾಕಿದ್ದೇ ಮುಂದೆ ಒಳ್ಳೆಯ ಜೋಡಿಯಾಯಿತು. ಕೆಳಗೆ ಹೇಳಿದ್ದೇನೆ.

ಗಿಡ ನಮ್ಮ ಮನೆಯಲ್ಲೇ ಬೆಳೆಸಬಹುದಲ್ಲ?

ಪ್ರಯತ್ನ ಪಟ್ಟವರು ನಾಲ್ವರು ಗೊತ್ತು, ಗಿಡ ಉಳಿಸಿಕೊಂಡವರು ಒಬ್ಬರೂ ಗೊತ್ತಿಲ್ಲ. ಲ್ಯಾವೆಂಡರಿಗೆ ಬಿಸಿಲು ಬೇಕು, ರಾತ್ರಿ ತಂಪೂ ಬೇಕು, ಬೇರಿನ ಬುಡದಲ್ಲಿ ನೀರು ನಿಲ್ಲಬಾರದು. ನಮ್ಮ ಎರೆ ಮಣ್ಣು ಒಮ್ಮೆ ನೀರು ಕುಡಿದರೆ ಬಿಡುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಮೇಲೆ ರಾತ್ರಿಯೂ ಗೋಡೆ ಬೆಚ್ಚಗೇ ಇರುತ್ತದೆ. ನರ್ಸರಿಯಲ್ಲಿ ಫ್ರೆಂಚ್ ಲ್ಯಾವೆಂಡರ್ ಎಂದು ಕೊಡುವ, ಎಲೆಯಂಚು ಗರಗಸದಂತಿರುವ ಜಾತಿ ಸ್ವಲ್ಪ ತಾಳಿಕೊಳ್ಳುತ್ತದೆ. ಆದರೆ ಅದರಲ್ಲಿ ಕರ್ಪೂರದ ಕಟು ಜಾಸ್ತಿ. ಕುಂಡದಲ್ಲಿ ಅರ್ಧಕ್ಕರ್ಧ ಮರಳು ಬೆರೆಸಿ, ಮಧ್ಯಾಹ್ನದ ನೆರಳು ಸಿಗುವ ಕಡೆ ಇಟ್ಟು ಶೋಕಿಗೆ ಬೆಳೆಸಿ. ಎಣ್ಣೆಗೆ ಬೇಕಾದ ಹೂವನ್ನು ಕೊಂಡುಕೊಳ್ಳಿ.

ಒಣ ಹೂ ಎಲ್ಲಿಯದು ಕೊಳ್ಳಬೇಕು? ಒಳ್ಳೆಯದೆಂದು ಗುರುತಿಸುವುದು ಹೇಗೆ?

ಈಗ ನಮ್ಮ ದೇಶದ್ದೇ ಸಿಗುತ್ತದೆ. ಜಮ್ಮುವಿನ ದೋಡಾ ಜಿಲ್ಲೆಯ ಭದರ್ವಾ ಕಡೆ ಮೆಕ್ಕೆಜೋಳ ಬೆಳೆಯುತ್ತಿದ್ದ ರೈತರು ಕೇಂದ್ರ ಸರ್ಕಾರದ ವಿಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಸ್‌ಐಆರ್‌ನ ಅರೋಮಾ ಮಿಷನ್ ಯೋಜನೆಯಲ್ಲಿ ಲ್ಯಾವೆಂಡರಿಗೆ ಬದಲಾದರು. ಅದನ್ನೇ ನೇರಳೆ ಕ್ರಾಂತಿ ಎಂದು ಕರೆದರು. ಕಾಶ್ಮೀರದ್ದೋ ಭದರ್ವಾದ್ದೋ ಎಂದು ಪೊಟ್ಟಣದ ಮೇಲೆ ಬರೆದಿರುತ್ತದೆ. ಚಹಾಕ್ಕೆ ಹಾಕುವಂಥ, ತಿನ್ನಲು ಯೋಗ್ಯವಾದ ದರ್ಜೆಯದನ್ನೇ ತರಿಸಿ. ಅಲಂಕಾರಕ್ಕೆ, ಬೀರುವಿನಲ್ಲಿಡಲು ಮಾರುವ ಹೂವಿಗೆ ಬಣ್ಣ, ಸೆಂಟು ಸಿಂಪಡಿಸಿರುವುದುಂಟು.

ಪರೀಕ್ಷೆ ಸುಲಭ. ನಾಲ್ಕು ಮೊಗ್ಗು ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ಉಜ್ಜಿ. ಗರಿಗರಿಯಾಗಿ ಪುಡಿಯಾಗಬೇಕು, ಕೂಡಲೇ ಘಮ ಏಳಬೇಕು, ಬೆರಳಿಗೆ ಸ್ವಲ್ಪ ಜಿಗುಟು ಹತ್ತಬೇಕು. ಉಜ್ಜುವ ಮೊದಲೇ ಪೊಟ್ಟಣ ತೆರೆದೊಡನೆ ಗಾಢವಾಗಿ ಹೊಡೆದು, ಉಜ್ಜಿದಾಗ ಹೊಸದೇನೂ ಬರದಿದ್ದರೆ ಅದು ಮೇಲಿನಿಂದ ಹಚ್ಚಿದ ಸೆಂಟು. ನೀರಿನ ಲೋಟಕ್ಕೆ ನಾಲ್ಕು ಮೊಗ್ಗು ಹಾಕಿ ನೋಡಿ, ನೀಲಿ ಮಸಿಯಂತೆ ಬಣ್ಣ ಬಿಟ್ಟರೆ ವಾಪಸು ಕೊಡಿ.

ಯಾವ ಎಣ್ಣೆಯಲ್ಲಿ ನೆನೆಸಬೇಕು?

ನನ್ನ ಓಟು ಮರದ ಗಾಣದ ಎಳ್ಳೆಣ್ಣೆಗೆ. ಎಳ್ಳಿನಲ್ಲೇ ಇರುವ ಸಿಸಮಾಲ್ ಮುಂತಾದ ಅಂಶಗಳು ಎಣ್ಣೆ ಬೇಗ ಕಮಟಾಗದಂತೆ ತಡೆಯುತ್ತವೆ. ಇಲ್ಲಿಯ ಬೇಸಿಗೆಗೆ ಆ ಗುಣ ದೊಡ್ಡದು. ಕೊರತೆ ಒಂದೇ, ಎಳ್ಳಿನ ಸ್ವಂತ ವಾಸನೆ ಲ್ಯಾವೆಂಡರನ್ನು ಅರ್ಧ ಮುಚ್ಚುತ್ತದೆ. ಹಿಡಿಸದವರು ಕೊಬ್ಬರಿ ಎಣ್ಣೆ ಬಳಸಿ, ಅದೂ ಬಹಳ ದಿನ ಬಾಳುತ್ತದೆ.

ಕುಸುಬೆ ಎಣ್ಣೆ ನಮ್ಮ ಸೀಮೆಯದೇ, ಹಗುರ, ವಾಸನೆಯಿಲ್ಲ. ಆದರೆ ನೆನೆಸಿ ಇಡುವ ಕೆಲಸಕ್ಕೆ ಅದು ಬಾರದು, ಬೇಗ ಕೆಡುತ್ತದೆ. ತಿಂಗಳೊಳಗೆ ಮುಗಿಸುವುದಾದರೆ ಸರಿ. ಶೇಂಗಾ ಎಣ್ಣೆಯಲ್ಲಿ ಒಮ್ಮೆ ಮಾಡಿದೆ. ಹಚ್ಚಿಕೊಂಡು ಹೊರಗೆ ಬಂದರೆ ಮಗ, ‘ಯವ್ವಾ, ವಗ್ಗರಣಿ ಮಾಡೀಯೇನು?’ ಅಂದ. ಅಲ್ಲಿಗೆ ಬಿಟ್ಟೆ. ಶೇಂಗಾ ಅಲರ್ಜಿ ಇರುವವರ ಮನೆಯಲ್ಲಂತೂ ಬೇಡ. ಔಡಲೆಣ್ಣೆ ತೀರ ಮಂದ, ಹೂವಿನೊಳಗೆ ಇಳಿಯುವುದೂ ನಿಧಾನ, ಸೋಸುವುದೂ ಗೋಳು; ಹತ್ತರಲ್ಲಿ ಒಂದು ಪಾಲು ಬೆರೆಸಿದರೆ ಸಾಕು.

ಹಸಿ ಹೂ, ಹಸಿ ಸೊಪ್ಪು ನೇರವಾಗಿ ಎಣ್ಣೆಗೆ ಹಾಕಬಹುದೇ?

ಬೇಡ. ನನ್ನ ಮೊದಲ ಬಾಟಲಿ ಹಾಳಾದದ್ದೇ ಹೀಗೆ. ದವನದ ಹುಣ್ಣಿಮೆಯ ಮರುದಿನ ಪೂಜೆಗೆ ತಂದ ದವನ ಉಳಿದಿತ್ತು. ತೊಳೆದು, ಬಟ್ಟೆಯಲ್ಲಿ ಒತ್ತಿ, ಲ್ಯಾವೆಂಡರ್ ಜೊತೆ ಕೊಬ್ಬರಿ ಎಣ್ಣೆಗೆ ತುಂಬಿ ಮಾಳಿಗೆಯ ಮೇಲಿಟ್ಟೆ. ಒಂಬತ್ತನೇ ದಿನ ಮುಚ್ಚಳ ತಿರುಗಿಸಿದಾಗ ಸುಸ್ಸೆಂದು ಗಾಳಿ ಬಂತು. ತಳದಲ್ಲಿ ಮೋಡದಂಥ ಬಿಳಿ ಪದರ, ಎಲೆಗಳ ಸುತ್ತ ಸಣ್ಣ ಸಣ್ಣ ಗುಳ್ಳೆ, ವಾಸನೆ ಹಳಸಿದ ಅಂಬಲಿಯದು.

ಕಾರಣ ನೀರು. ಎಣ್ಣೆಯಲ್ಲಿ ಕ್ರಿಮಿ ಬೆಳೆಯುವುದಿಲ್ಲ, ಎಣ್ಣೆಯೊಳಗೆ ಸಿಕ್ಕಿಕೊಂಡ ನೀರಿನ ಹನಿಯಲ್ಲಿ ಬೆಳೆಯುತ್ತದೆ. ಸುತ್ತ ಎಣ್ಣೆಯಿರುವುದರಿಂದ ಅಲ್ಲಿಗೆ ಗಾಳಿ ಹೋಗುವುದಿಲ್ಲ. ಗಾಳಿಯಿಲ್ಲದ ಕಡೆಯೇ ಬೇಕೆನ್ನುವ ಕ್ರಿಮಿಗಳಿಗೆ ಅದು ಅರಮನೆ. ಬಾಟುಲಿಸಂ ಎಂಬ ಪ್ರಾಣಾಪಾಯದ ಕಾಯಿಲೆ ತರುವ ವಿಷ ತಯಾರಿಸುವುದು ಅಂಥದೇ ಒಂದು ಕ್ರಿಮಿ. ಎಣ್ಣೆಯಲ್ಲಿ ಹಸಿ ಬೆಳ್ಳುಳ್ಳಿ ಹಾಕಿ ದಿನಗಟ್ಟಲೆ ಹೊರಗಿಡಬಾರದು ಎನ್ನುವುದೂ ಇದಕ್ಕೇ. ಆದ್ದರಿಂದ ನೆನೆಸಿದ ಈ ಎಣ್ಣೆ ಮೈಗೆ, ತಲೆಗೆ ಮಾತ್ರ. ಅಡುಗೆಗೆ, ಬಾಯಿಗೆ, ಕಿವಿಗೆ, ಗಾಯಕ್ಕೆ ಬೇಡ.

ಹಾಗಿದ್ದರೆ ಅವ್ವ, ಅಜ್ಜಿ ಹಸಿ ಸೊಪ್ಪು ಹಾಕಿಯೇ ಎಣ್ಣೆ ಕಾಸುತ್ತಿದ್ದರಲ್ಲ?

ಹೌದು, ಅವರು ಕಾಸುತ್ತಿದ್ದರು. ನೀರು ಪೂರ್ತಿ ಹೋಗುವವರೆಗೆ ಒಲೆಯ ಮೇಲಿಡುತ್ತಿದ್ದರು. ನೆನೆಸುವುದಕ್ಕೂ ಕಾಸುವುದಕ್ಕೂ ಇರುವ ಈ ವ್ಯತ್ಯಾಸವೇ ಇಡೀ ವಿದ್ಯೆ. ಆಯುರ್ವೇದದ ತೈಲಪಾಕದಲ್ಲಿ ಅರೆದ ಮೂಲಿಕೆ ಒಂದು ಪಾಲು, ಎಣ್ಣೆ ನಾಲ್ಕು ಪಾಲು, ಕಷಾಯ ಹದಿನಾರು ಪಾಲು ಎಂಬ ಲೆಕ್ಕವಿದೆ. ಹದಿನಾರು ಪಾಲು ನೀರು ಹಾಕಿಯೂ ಎಣ್ಣೆ ಕೆಡುವುದಿಲ್ಲವೆಂದರೆ, ಕೊನೆಯ ಹನಿಯವರೆಗೂ ಆವಿಯಾಗಿಸುತ್ತಾರೆ ಎಂದರ್ಥ.

ನೀರು ಹೋಯಿತೆಂದು ತಿಳಿಯುವುದು ಹೇಗೆ? ಅವ್ವನ ಬಳಿ ಥರ್ಮಾಮೀಟರ್ ಇರಲಿಲ್ಲ, ಹತ್ತಿಯ ಬತ್ತಿ ಇತ್ತು. ದೇವರ ದೀಪಕ್ಕೆ ಹೊಸೆದಿಟ್ಟ ಬತ್ತಿಯ ತುದಿಯನ್ನು ಕಾಯುತ್ತಿರುವ ಎಣ್ಣೆಗೆ ಅದ್ದಿ ಪಕ್ಕಕ್ಕೆ ಸರಿದು ಕಡ್ಡಿ ಗೀರುತ್ತಿದ್ದಳು. ಚಿಟಪಟ ಸದ್ದು ಮಾಡಿ ಕಿಡಿ ಹಾರಿದರೆ, ‘ಇನ್ನಾ ನೀರೈತಿ’ ಅಂತ ಉರಿ ಹಾಗೇ ಬಿಡುತ್ತಿದ್ದಳು. ಸದ್ದಿಲ್ಲದೆ ನೆಟ್ಟಗೆ ಉರಿದರೆ ಇಳಿಸುತ್ತಿದ್ದಳು. ಸೊಪ್ಪನ್ನು ತೆಗೆದು ಬೆರಳಲ್ಲಿ ಹಿಚುಕಿದರೆ ಹಪ್ಪಳದಂತೆ ಮುರಿಯಬೇಕು. ಈ ಎರಡು ಪರೀಕ್ಷೆ ಪಾಸಾಗದ ಎಣ್ಣೆಯನ್ನು ನಾನು ಬಾಟಲಿಗೆ ಹಾಕುವುದಿಲ್ಲ. ಬತ್ತಿಯನ್ನು ಒಲೆಯಿಂದ ದೂರ ಹೋಗಿ ಹಚ್ಚಿ. ಬಾಣಲೆಯ ಮೇಲೆ ಬಗ್ಗಿ ಹಚ್ಚುವ ಸಾಹಸ ಬೇಡ.

ಲ್ಯಾವೆಂಡರನ್ನೂ ಹಾಗೇ ಕಾಸಬಹುದೇ?

ಕಾಸಿದರೆ ಓಣಿಗೆಲ್ಲ ಘಮ ಬರುತ್ತದೆ, ಬಾಟಲಿಗೆ ಬರುವುದಿಲ್ಲ. ಲ್ಯಾವೆಂಡರಿನ ಪರಿಮಳದಲ್ಲಿ ಮುಖ್ಯವಾದ ಲಿನಲೂಲ್, ಲಿನಲೈಲ್ ಅಸಿಟೇಟ್ ಎರಡೂ ಹಬೆಯ ಜೊತೆ ಹಾರಿ ಹೋಗುವಂಥವು. ಅದಕ್ಕೇ ತಾನೇ ಹಬೆಯಿಂದ ಸಾರ ತೆಗೆಯಲು ಆಗುವುದು.

ಬೇರೆ ಮೂಲಿಕೆ ಸೇರಿಸುವಾಗ ನಾನು ಎರಡು ಹಂತ ಮಾಡುತ್ತೇನೆ. ಅರ್ಧ ಲೀಟರ್ ಎಳ್ಳೆಣ್ಣೆಗೆ ಎರಡು ಹಿಡಿ ಗರಗದ ಸೊಪ್ಪು, ಒಂದು ಹಿಡಿ ಕರಿಬೇವು, ಆರೇಳು ದಾಸವಾಳದ ಹೂ ಹಾಕಿ ಸಣ್ಣ ಉರಿಯಲ್ಲಿ ಕಾಸುತ್ತೇನೆ. ದಪ್ಪ ತಳದ ಕಬ್ಬಿಣದ ಬಾಣಲೆಯಾದರೆ ತಳ ಹಿಡಿಯುವುದಿಲ್ಲ. ಮೊದಮೊದಲು ಸೊರ್ರೆಂದು ಗದ್ದಲ, ನೊರೆ. ನಿಧಾನಕ್ಕೆ ಸದ್ದು ಇಳಿಯುತ್ತದೆ. ಮುಕ್ಕಾಲು ಗಂಟೆ ಹಿಡಿಯಬಹುದು. ಬತ್ತಿ ಪರೀಕ್ಷೆ ಮುಗಿಸಿ, ಇಳಿಸಿ, ಬಿಸಿಯಿರುವಾಗಲೇ ಸ್ಟೀಲ್ ಜರಡಿಯಲ್ಲಿ ಸೋಸಿ ಆರಲು ಬಿಡುತ್ತೇನೆ.

ಪಾತ್ರೆಯ ಹೊರಮೈಯನ್ನು ಅಂಗೈಯಿಂದ ಹಿಡಿದರೆ ಬಿಸಿ ಹತ್ತಬೇಕು, ಕೈ ಹಿಂದಕ್ಕೆ ಎಳೆದುಕೊಳ್ಳುವಂತಿರಬಾರದು. ಆ ಹದಕ್ಕೆ ಬಂದಾಗ 50 ಗ್ರಾಂ ಒಣ ಲ್ಯಾವೆಂಡರ್ ಸುರಿಯುತ್ತೇನೆ. ಮೊಗ್ಗು ಮೊದಲು ತೇಲುತ್ತದೆ, ರಾತ್ರಿ ಕಳೆಯುವುದರೊಳಗೆ ಅರ್ಧ ಮುಳುಗುತ್ತದೆ. ಅಲ್ಲಿಂದ ಮುಂದೆ ನೆನೆಸುವ ಕೆಲಸ.

ಬಿಸಿಲಿಗೆ ಎಷ್ಟು ದಿನ ಇಡಬೇಕು?

ನಮ್ಮೂರಲ್ಲಿ ಒಂದು ದಿನವೂ ಬೇಡ. ‘ನಾಲ್ಕರಿಂದ ಆರು ವಾರ ಬಿಸಿಲು ಬೀಳುವ ಕಿಟಕಿಯಲ್ಲಿಡಿ’ ಎಂದು ಬರೆದವರ ಬಿಸಿಲು ಬೇರೆ, ನಮ್ಮದು ಬೇರೆ. ಅವರ ಕಿಟಕಿಯಲ್ಲಿ ಬಾಟಲಿ ಬೆಚ್ಚಗಾಗುತ್ತದೆ. ಮಾರ್ಚ್ ಕಳೆದ ಮೇಲೆ ರಾಯಚೂರಿನ ಮಾಳಿಗೆಯ ಮೇಲಿಟ್ಟ ಗಾಜಿನ ಬಾಟಲಿಯನ್ನು ಮಧ್ಯಾಹ್ನ ಬರಿಗೈಯಲ್ಲಿ ಎತ್ತಲಾಗುವುದಿಲ್ಲ. ಬೆಳಕು, ಬಿಸಿ, ಗಾಳಿ ಮೂರೂ ಸೇರಿದರೆ ಎಣ್ಣೆ ಕಮಟಾಗುತ್ತದೆ. ಹೂವಿನ ಘಮ ಇಳಿಯುವ ಮೊದಲೇ ಎಣ್ಣೆ ಹಳತಾಗಿರುತ್ತದೆ.

ನೆರಳಿನಲ್ಲಿಡಿ. ನಮ್ಮ ಅಡುಗೆಮನೆಯ ಶೆಲ್ಫಿನ ಮೂಲೆಯ ಬಿಸಿಯೇ ಆ ಕಿಟಕಿಯಷ್ಟು ಇರುತ್ತದೆ. ಬಾಟಲಿಗೆ ಹಳೆಯ ಕಾಗದದ ಚೀಲ ಸುತ್ತಿ, ಒಲೆಯಿಂದ ದೂರ ಇಟ್ಟು, ದಿನಕ್ಕೊಮ್ಮೆ ಅಲುಗಾಡಿಸಿ. ನವೆಂಬರಿನಿಂದ ಫೆಬ್ರವರಿಯವರೆಗೆ ನಾಲ್ಕು ವಾರ ಬೇಕಾಗುತ್ತದೆ, ಬೇಸಿಗೆಯಲ್ಲಿ ಎರಡು ವಾರ ಸಾಕು. ಆ ಎರಡು ವಾರದ ಮೇಲೆ ಹೆಚ್ಚೇನೂ ಇಳಿಯುವುದಿಲ್ಲ ಎಂಬುದು ನನ್ನ ಮೂಗಿನ ತೀರ್ಪು.

ಕೇಳಿದರೆ ನಾನು ಚಳಿಗಾಲವನ್ನೇ ಹೇಳುತ್ತೇನೆ. ಗಾಳಿ ಒಣ, ಬಿಸಿ ಹದ, ಹೂ ತಂಗಳಾಗುವುದಿಲ್ಲ. ಜುಲೈನಿಂದ ಸೆಪ್ಟೆಂಬರ್ ಮಾತ್ರ ಬೇಡ; ನಮ್ಮಲ್ಲಿ ಮಳೆ ಕಡಿಮೆಯಾದರೂ ಮೋಡ ಮುಸುಕಿದ ದಿನ ಒಣ ಹೂ ಗಾಳಿಯ ಪಸೆ ಎಳೆದುಕೊಂಡು ಮೆತ್ತಗಾಗುತ್ತದೆ.

ಬಿಸಿಲು ನಮ್ಮಲ್ಲಿ ಬೇಕಾದಷ್ಟಿದೆ, ಯಾವುದಕ್ಕೂ ಬರುವುದಿಲ್ಲವೇ?

ಬಾಟಲಿ ಒಣಗಿಸುವುದಕ್ಕೆ ಅದರಷ್ಟು ಚಂದದ್ದು ಬೇರೆ ಇಲ್ಲ. ಕುದಿವ ನೀರಲ್ಲಿ ತೊಳೆದ ಬಾಟಲಿ, ಮುಚ್ಚಳ, ಸೋಸುವ ಬಟ್ಟೆಯನ್ನು ಮಾಳಿಗೆಯ ಮೇಲೆ ಬೋರಲು ಹಾಕಿದರೆ ಒಂದು ಹೊತ್ತಿನಲ್ಲಿ ನೀರಿನ ಹೆಸರಿರುವುದಿಲ್ಲ. ಮೂಲಿಕೆಯನ್ನು ಮಾತ್ರ ನೆರಳಿನ ಗಾಳಿಯಲ್ಲಿ ಒಣಗಿಸಿ, ನೇರ ಬಿಸಿಲಿಗೆ ಘಮ ಹೋಗುತ್ತದೆ.

ಎರಡು ವಾರ ಕಾಯಲು ಆಗುವುದಿಲ್ಲ. ಬೇಗ ಮಾಡುವ ದಾರಿ?

ಅಗಲ ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಎಣ್ಣೆ, ಹೂ ಇರುವ ಸ್ಟೀಲ್ ಪಾತ್ರೆ ಕೂರಿಸಿ, ಅತಿ ಸಣ್ಣ ಉರಿಯಲ್ಲಿ ಎರಡು ಮೂರು ಗಂಟೆ. ನೀರು ಕುದಿಯಬಾರದು, ತಳದಿಂದ ಸಣ್ಣ ಗುಳ್ಳೆ ಏಳುತ್ತಿದ್ದರೆ ಸಾಕು. ಎಣ್ಣೆ 60 ಡಿಗ್ರಿ ದಾಟದಿರಲಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಘಮ ಹೋಗದಿರಲೆಂದು ಒಳಪಾತ್ರೆಗೆ ತಟ್ಟೆ ಮುಚ್ಚುತ್ತಾರೆ, ಅದು ಸರಿಯೇ. ಆದರೆ ಹೊರಪಾತ್ರೆಯ ಹಬೆ ತಟ್ಟೆಯ ಅಂಚಿಗೆ ಬಡಿದು ಹನಿಯಾಗುತ್ತದೆ. ನೋಡಲೆಂದು ತಟ್ಟೆ ಎತ್ತಿದಾಗ ಆ ಹನಿಗಳು ಜಾರಿ ಸೀದಾ ಎಣ್ಣೆಗೆ. ಒಣ ಹೂ ಹುಡುಕಿ ತಂದ ಶ್ರಮವೆಲ್ಲ ಅಲ್ಲಿಗೆ ಮುಗಿಯಿತು. ಒಳಪಾತ್ರೆಯ ಬಾಯಿಗೆ ಬಿಗಿಯಾಗಿ ಬಟ್ಟೆ ಕಟ್ಟಿ ಮೇಲೆ ತಟ್ಟೆಯಿಡಿ, ಎತ್ತುವ ಮೊದಲು ಅಂಚು ಒರೆಸಿ.

ರೈಸ್ ಕುಕ್ಕರಿನ ‘ವಾರ್ಮ್’ನಲ್ಲಿ ಇಡಬಹುದೇ ಎಂದು ಗಂಗಾವತಿಯವರೊಬ್ಬರು ಕೇಳಿದ್ದರು. ಅಕ್ಕಿಯ ಊರಿನವರು, ಕೇಳುವುದು ಸಹಜ. ಅದರ ಬಿಸಿ ಈ ಕೆಲಸಕ್ಕೆ ಸ್ವಲ್ಪ ಹೆಚ್ಚೇ.

ಅಳತೆ ಹೇಳಿ.

ಒಣ ಹೂ ಒಂದು ಪಾಲು, ಎಣ್ಣೆ ಹತ್ತು ಪಾಲು, ತೂಕದಲ್ಲಿ. ತಕ್ಕಡಿ ಇಲ್ಲದಿದ್ದರೆ ಬಾಟಲಿಯ ಅರ್ಧದಷ್ಟು ಹೂ ಸಡಿಲವಾಗಿ ತುಂಬಿ, ಹೂ ಮುಳುಗಿ ಮೇಲೆ ಒಂದು ಬೆರಳು ನಿಲ್ಲುವಷ್ಟು ಎಣ್ಣೆ. ಎಣ್ಣೆಯಿಂದ ಹೊರಗೆ ತಲೆಯೆತ್ತಿದ ಹೂವಿಗೆ ಬೂಸಲು ಬರುತ್ತದೆ.

ಲ್ಯಾವೆಂಡರ್ ಜೊತೆ ಯಾವ ಮೂಲಿಕೆ ಹೊಂದುತ್ತದೆ?

ದವನ. ಕಣ್ಣು ಮುಚ್ಚಿ ಹೇಳುತ್ತೇನೆ. ಚಳಿಗಾಲದ ಬೆಳೆಯಾದ್ದರಿಂದ ಹೊಸ ವರ್ಷ ಕಳೆದ ಮೇಲೆ ಹೂವಿನ ಮಾರುಕಟ್ಟೆಗೆ ಧಾರಾಳ ಬರುತ್ತದೆ, ಮಾಲೆಗೆ ಮರುಗದ ಜೊತೆ ಕಟ್ಟುತ್ತಾರೆ. ಹಣ್ಣಾದ ಸೇಬಿನಂಥ ಸಿಹಿ ಅದರಲ್ಲಿದೆ. ನೆರಳಲ್ಲಿ ಐದಾರು ದಿನ ಒಣಗಿಸಿ, ದಂಟು ಚಟ್ಟನೆ ಮುರಿಯುವಂತಾದ ಮೇಲೆ, ನಾಲ್ಕು ಪಾಲು ಲ್ಯಾವೆಂಡರಿಗೆ ಒಂದು ಪಾಲು ಹಾಕಿ. ಹೆಚ್ಚಾದರೆ ದವನವೇ ಗೆಲ್ಲುತ್ತದೆ.

ಲಾವಂಚದ ಬೇರು ಎರಡನೆಯದು. ಹೂವಿನ ಘಮ ಬೇಗ ಹಾರುತ್ತದೆ, ಬೇರಿನದು ಕಚ್ಚಿ ಹಿಡಿದಿರುತ್ತದೆ. ತಲೆ ಎರೆದುಕೊಂಡ ಮರುದಿನವೂ ಕೂದಲಲ್ಲಿ ಉಳಿಯುವುದು ಅದೇ. ಮಣ್ಣು ಹೋಗುವಂತೆ ತೊಳೆದು, ಖಡಖಡ ಒಣಗಿಸಿ, ಕತ್ತರಿಯಲ್ಲಿ ತುಂಡರಿಸಿ. ಮರುಗ, ಕಾಮಕಸ್ತೂರಿ ಒಣಗಿಸಿ ಹಾಕಿದರೂ ಚೆನ್ನ. ಬೇವು ಹಾಕಬೇಡಿ. ಗುಣವಿರಬಹುದು, ಆದರೆ ಬೇವಿನ ವಾಸನೆಯ ಮುಂದೆ ಲ್ಯಾವೆಂಡರಿಗೆ ಕೊಟ್ಟ ದುಡ್ಡು ನೀರಲ್ಲಿ ಹೋಮ.

ಹಡಗಲಿ ಮಲ್ಲಿಗೆ ಹಾಕಿದರೆ?

ಹಡಗಲಿ ಈಗ ವಿಜಯನಗರ ಜಿಲ್ಲೆಗೆ ಸೇರಿದ್ದರೂ ಮಲ್ಲಿಗೆ ಇನ್ನೂ ನಮ್ಮದೇ ಎನ್ನುವವರ ಪೈಕಿ ನಾನೂ ಒಬ್ಬಳು. ಭೌಗೋಳಿಕ ಸೂಚ್ಯಂಕ ಪಡೆದ ಹೂ ಅದು. ಆದರೆ ಮಲ್ಲಿಗೆಯನ್ನು ಒಣಗಿಸಿದರೆ ಘಮವೇ ಉಳಿಯುವುದಿಲ್ಲ, ಹಸಿ ಹಾಕಿದರೆ ನೀರಿನ ಕಾಟ, ಕಾಸಿದರೆ ಬೆಂದ ಹೂವಿನ ವಾಸನೆ. ಹಳಬರು ಇದಕ್ಕೊಂದು ಜಾಣ ಉಪಾಯ ಕಂಡುಕೊಂಡಿದ್ದರು. ಎಳ್ಳನ್ನು ಹರಡಿ, ಮೇಲೆ ಅರಳುವ ಮೊಗ್ಗು, ಮತ್ತೆ ಎಳ್ಳು, ಹೀಗೆ ಪದರ ಪದರವಾಗಿಟ್ಟು, ದಿನ ದಿನ ಹೂ ಬದಲಿಸಿ, ಘಮ ಕುಡಿದ ಎಳ್ಳನ್ನು ಗಾಣಕ್ಕೆ ಹಾಕುತ್ತಿದ್ದರು. ಕಿತ್ತ ಮೇಲೂ ಮಲ್ಲಿಗೆ ರಾತ್ರಿಯಿಡೀ ಘಮ ಬಿಡುತ್ತಲೇ ಇರುತ್ತದೆ, ಆದ್ದರಿಂದ ಇದು ಸಾಧ್ಯ. ಪರಿಚಯದ ಗಾಣವಿದ್ದರೆ ಮಾಡಿ ನೋಡಿ, ನನಗೆ ಇನ್ನೂ ಯೋಗ ಕೂಡಿಬಂದಿಲ್ಲ.

ಎಣ್ಣೆ ನೇರಳೆ ಆಗಲೇ ಇಲ್ಲ. ಏನು ತಪ್ಪಾಯಿತು?

ಏನೂ ಇಲ್ಲ. ಹೂವಿನ ನೇರಳೆ ಬಣ್ಣ ನೀರಲ್ಲಿ ಕರಗುವಂಥದು, ಎಣ್ಣೆಗೆ ಇಳಿಯುವುದಿಲ್ಲ. ನೆನೆಸಿದ ಎಣ್ಣೆ ತಿಳಿ ಹಳದಿ, ಹೆಚ್ಚೆಂದರೆ ತುಸು ಹಸಿರು. ನೇರಳೆ ಎಣ್ಣೆ ಎಲ್ಲಾದರೂ ಮಾರುತ್ತಿದ್ದರೆ ಅದಕ್ಕೆ ಬಣ್ಣ ಹಾಕಿದ್ದಾರೆ.

ಸೋಸುವುದು ಹೇಗೆ?

ಹಳೆಯ ಧೋತರದ ಬಟ್ಟೆ ಎರಡು ಮಡಿಕೆ. ತಾನಾಗಿ ಇಳಿಯುವಷ್ಟು ಇಳಿದ ಮೇಲೆ ಮೆಲ್ಲಗೆ ಹಿಂಡಿ. ಹಿಂಡಿದ್ದನ್ನು ಬೇರೆ ಬಾಟಲಿಗೆ ಹಾಕಿ ಮೊದಲು ಬಳಸಿ, ಅದರಲ್ಲಿ ಪುಡಿ ಹೆಚ್ಚಿರುತ್ತದೆ. ಉಳಿದದ್ದನ್ನು ಒಂದು ರಾತ್ರಿ ಅಲುಗಿಸದೆ ಇಟ್ಟು, ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳಿ. ತಳದಲ್ಲಿ ಬೇರೆಯಾಗಿ ಓಡಾಡುವ ಗುಂಡು ಹನಿ ಕಂಡರೆ ಅದು ನೀರು, ಅದರ ಹತ್ತಿರದ ಎಣ್ಣೆಯ ಆಸೆ ಬಿಡಿ.

ಘಮ ಸಾಲದು ಅನ್ನಿಸುತ್ತದೆ.

ಸೋಸಿದ ಎಣ್ಣೆಗೆ ಹೊಸ ಹೂ ಹಾಕಿ ಇನ್ನೊಂದು ಸುತ್ತು ನೆನೆಸಿ. ಅದೂ ಸಾಲದೆಂದರೆ 100 ಮಿಲಿಗೆ 20 ಹನಿ, ಅಂದರೆ ಹತ್ತಿರ ಹತ್ತಿರ ನೂರಕ್ಕೆ ಒಂದರಂತೆ, ಅಪ್ಪಟ ಲ್ಯಾವೆಂಡರ್ ಸಾರ ಬೆರೆಸಿ. ಅದಕ್ಕಿಂತ ಹೆಚ್ಚು ಬೇಡ. ಸಾರದ ಸೀಸೆ ಹಳತಾದಷ್ಟೂ ಅದರಲ್ಲಿಯ ಲಿನಲೂಲ್ ಗಾಳಿಗೆ ಮಾರ್ಪಟ್ಟು ಚರ್ಮಕ್ಕೆ ತುರಿಕೆ ತರುವ ಸಾಧ್ಯತೆ ಹೆಚ್ಚುತ್ತದೆ. ಮೂರು ವರ್ಷದಿಂದ ಬೀರುವಿನಲ್ಲಿ ಬಿದ್ದ ಸೀಸೆಯನ್ನು ‘ದಂಡ ಆಗಬಾರದು’ ಎಂದು ಎಣ್ಣೆಗೆ ಸುರಿಯಬೇಡಿ.

ಎಷ್ಟು ದಿನ ಇಡಬಹುದು? ಬೇಸಿಗೆಯಲ್ಲಿ ಎಲ್ಲಿಡಬೇಕು?

ಎಳ್ಳೆಣ್ಣೆ, ಕೊಬ್ಬರಿ ಎಣ್ಣೆಯಲ್ಲಿ ಮಾಡಿದ್ದು ಆರು ತಿಂಗಳು. ಬೇಸಿಗೆ ನಡುವೆ ಬಂದರೆ ನಾಲ್ಕು ಎಂದುಕೊಳ್ಳಿ. ಕಂದು ಗಾಜಿನ ಬಾಟಲಿ, ತುಂಬ ಬಾಯಿಯವರೆಗೆ. ಖಾಲಿ ಜಾಗದಲ್ಲಿರುವ ಗಾಳಿಯೇ ಕೆಡಿಸುವುದು. ಏಪ್ರಿಲ್, ಮೇನಲ್ಲಿ ನಾನು ಫ್ರಿಜ್ಜಿನ ಬಾಗಿಲಲ್ಲಿಡುತ್ತೇನೆ. ತಂಪು ಬಾಟಲಿಯನ್ನು ಹೊರಗೆ ತಂದ ಕೂಡಲೇ ಮುಚ್ಚಳ ತೆಗೆಯಬೇಡಿ, ಗಾಳಿಯ ಪಸೆ ಒಳಗೆ ಬೆವರುತ್ತದೆ. ಕಾಲು ಗಂಟೆ ಬಿಟ್ಟು ತೆಗೆಯಿರಿ.

ವಿಟಮಿನ್ ಇ ಕ್ಯಾಪ್ಸೂಲ್ ಒಡೆದು ಹಾಕಿದರೆ ಕಮಟಾಗುವುದು ತಡವಾಗುತ್ತದೆ. ಕ್ರಿಮಿಯನ್ನು ಅದು ತಡೆಯುವುದಿಲ್ಲ. ನೀರು ಬಿದ್ದ ಎಣ್ಣೆಯನ್ನು ಯಾವ ಕ್ಯಾಪ್ಸೂಲೂ ಉಳಿಸದು.

ಎಣ್ಣೆ ಬೆಳ್ಳಗೆ ಗಟ್ಟಿಯಾಗಿದೆ, ಕೆಟ್ಟಿತೇ?

ಕೊಬ್ಬರಿ ಎಣ್ಣೆ 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್, ಜನವರಿಯ ಬೆಳಗಿನ ಜಾವ ನಮ್ಮಲ್ಲೂ ಆಗುತ್ತದೆ. ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ಇಟ್ಟರೆ ಕರಗುತ್ತದೆ.

ಕೂದಲು ಬೆಳೆಯುತ್ತದೆಯೇ? ಹೊಟ್ಟು ಹೋಗುತ್ತದೆಯೇ?

1998ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನ ವೈದ್ಯರು ನಡೆಸಿದ ಒಂದು ಪ್ರಯೋಗವನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಅದರಲ್ಲಿ ಬಳಸಿದ್ದು ಥೈಮ್, ರೋಸ್‌ಮೇರಿ, ಲ್ಯಾವೆಂಡರ್, ಸೀಡರ್ ಮರ ಈ ನಾಲ್ಕರ ಸಾರ. ನೋಡಿದ್ದು ನಾಣ್ಯದಗಲ ಕೂದಲುದುರುವ ರೋಗವನ್ನು. ನಾವು ನೆನೆಸಿದ ಎಣ್ಣೆಗೂ ಹೆರಿಗೆಯಾದ ಮೇಲೆ ಉದುರುವ ಕೂದಲಿಗೂ ಅದನ್ನು ಅಂಟಿಸಲಾಗದು. ಎಣ್ಣೆ ಹಚ್ಚಿದರೆ ಕೂದಲು ಒರಟಾಗುವುದು, ಬಾಚುವಾಗ ತುಂಡಾಗುವುದು ಕಡಿಮೆಯಾಗುತ್ತದೆ. ಬೋರಿನ ಗಡಸು ನೀರಲ್ಲಿ ಮೀಯುವ ನಮಗೆ ಅದೇನು ಸಣ್ಣ ಲಾಭವಲ್ಲ.

ಹೊಟ್ಟಿಗೆ ಮಾತ್ರ ಉಲ್ಟಾ. ಅದಕ್ಕೆ ಕಾರಣವಾದ ಶಿಲೀಂಧ್ರ ಎಣ್ಣೆಯ ಅಂಶ ತಿಂದೇ ಬೆಳೆಯುವುದು. ರಾತ್ರಿಯಿಡೀ ಎಣ್ಣೆ ಇಟ್ಟುಕೊಂಡರೆ ಅದಕ್ಕೆ ಊಟ ಹಾಕಿದಂತೆ. ಹೊಟ್ಟಿದ್ದವರು ಒಂದು ಗಂಟೆ ಮೊದಲು ಹಚ್ಚಿ ಸೀಗೆಕಾಯಿಯಲ್ಲೋ ಶಾಂಪೂವಿನಲ್ಲೋ ತೊಳೆದುಬಿಡಿ.

ಸೊಳ್ಳೆ ಕಡಿಯುವುದಿಲ್ಲವಂತೆ, ನಿಜವೇ?

ಸಿಂಧನೂರು, ಗಂಗಾವತಿಯ ಗದ್ದೆ ಸಾಲಿನಲ್ಲಿ ಕಾಲುವೆಗೆ ನೀರು ಬಿಟ್ಟ ಕಾಲಕ್ಕೆ ಸಂಜೆ ಹೊರಗೆ ಕೂತವರಿಗೆ ಗೊತ್ತು, ಅಲ್ಲಿಯ ಸೊಳ್ಳೆ ಹೂವಿನ ವಾಸನೆಗೆ ಹೆದರುವ ಜಾತಿಯಲ್ಲ. ಸಾರಕ್ಕೆ ಸ್ವಲ್ಪ ಹೊತ್ತಿನ ಶಕ್ತಿಯಿದೆ, ನೆನೆಸಿದ ಎಣ್ಣೆಗೆ ಅಷ್ಟೂ ಇಲ್ಲ. ಡೆಂಗಿ ಕಾಲದಲ್ಲಿ ಇದನ್ನು ನಂಬಿ ಪರದೆ ಬಿಡಬೇಡಿ.

ಸುಟ್ಟ ಗಾಯಕ್ಕೆ ಲ್ಯಾವೆಂಡರ್ ಒಳ್ಳೆಯದೆಂದು ಓದಿದ್ದೆ.

ಗ್ಯಾಟೆಫೋಸೆ ಎಂಬ ಫ್ರೆಂಚ್ ರಸಾಯನಜ್ಞ 1910ರಲ್ಲಿ ಪ್ರಯೋಗಶಾಲೆಯಲ್ಲಿ ಕೈ ಸುಟ್ಟುಕೊಂಡು, ಗಾಯ ಕೊಳೆಯತೊಡಗಿದಾಗ ಲ್ಯಾವೆಂಡರ್ ಬಳಸಿದ ಕತೆಯಿಂದ ಬಂದ ನಂಬಿಕೆ ಅದು. ಅವರು ಹಚ್ಚಿದ್ದೂ ಸಾರವನ್ನು. ಸುಟ್ಟ ಜಾಗಕ್ಕೆ ಯಾವ ಎಣ್ಣೆಯೂ ಬೇಡ, ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಹರಿಯುವ ತಣ್ಣೀರು 20 ನಿಮಿಷ, ಆಮೇಲೆ ದವಾಖಾನೆ.

ಕೂಸಿಗೆ ಹಚ್ಚಿ ಎರೆಯಬಹುದೇ? ಬಸುರಿಯರು?

ಎಳೆಗೂಸಿಗೆ ಬರೀ ಕೊಬ್ಬರಿ ಎಣ್ಣೆ ಸಾಕು, ಘಮದ ಹಂಗು ಅದಕ್ಕಿಲ್ಲ. ಲ್ಯಾವೆಂಡರ್ ಎಣ್ಣೆ, ಟೀ ಟ್ರೀ ಎಂಬ ಗಿಡದ ಎಣ್ಣೆ ಇದ್ದ ಸಾಮಾನು ಬಳಸುತ್ತಿದ್ದ ಮೂವರು ಹುಡುಗರಲ್ಲಿ ಎದೆ ಬೆಳೆದದ್ದನ್ನು 2007ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದ್ದರು. ಆಮೇಲೆ ಅದನ್ನು ಪ್ರಶ್ನಿಸಿದವರೂ ಇದ್ದಾರೆ, ಸಂಬಂಧ ಸಾಬೀತಾಗಿಲ್ಲ. ಆದರೂ ಚಿಕ್ಕ ಮಕ್ಕಳಿಗೆ ದಿನಾ ಹಚ್ಚುವ ಅಗತ್ಯ ಏನಿದೆ? ಬಸುರಿಯರು ನಿಮ್ಮನ್ನು ನೋಡುವ ಡಾಕ್ಟರನ್ನು ಕೇಳಿ. ಉಳಿದವರು ಮೊಳಕೈ ಒಳಮಡಿಕೆಗೆ ಒಂದು ಹನಿ ಹಚ್ಚಿ ಒಂದು ದಿನ ನೋಡಿ. ಮನೆಯಲ್ಲಿ ಬೆಕ್ಕಿದ್ದರೆ ಸಾರ ಬೆರೆಸಿದ ಎಣ್ಣೆ ಅದರ ಮೈಗೆ ತಾಗದಿರಲಿ, ನೆಕ್ಕಿದರೆ ಬೆಕ್ಕಿಗೆ ವಿಷ.

ಸಂಘದಿಂದ ಮಾಡಿ ಮಾರೋಣ ಅಂದುಕೊಂಡಿದ್ದೇವೆ.

ನೆರೆಮನೆಗೆ ಕೊಡುವುದು ಬೇರೆ, ಲೇಬಲ್ ಹಚ್ಚಿ ಮಾರುವುದು ಬೇರೆ. ಮಾರಾಟಕ್ಕೆ ಸೌಂದರ್ಯವರ್ಧಕ ತಯಾರಿಸಲು 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಪರವಾನಗಿ ಬೇಕು. ಲೇಬಲ್ಲಿನ ಮೇಲೆ ‘ಕೂದಲುದುರುವಿಕೆ ಗುಣಪಡಿಸುತ್ತದೆ’ ಎಂದು ಬರೆದಿರೋ, ಅದು ಔಷಧಿಯ ಲೆಕ್ಕಕ್ಕೆ ಹೋಗುತ್ತದೆ, ಆಯುರ್ವೇದ ಔಷಧದ ಲೈಸೆನ್ಸ್ ಕೇಳುತ್ತಾರೆ. ಜಿಲ್ಲೆಯ ಔಷಧ ನಿಯಂತ್ರಣ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಬಾಟಲಿಗೆ ಆರ್ಡರ್ ಕೊಟ್ಟ ಮೇಲಲ್ಲ.

ಕಮಟಾದ ಎಣ್ಣೆ, ಸೋಸಿ ಉಳಿದ ಚರಟ ಏನು ಮಾಡಲಿ?

ಕಮಟಾದದ್ದನ್ನು ಮೈಗೆ ಹಚ್ಚಬೇಡಿ. ಬಾಗಿಲ ಕೀಲು, ಕಬ್ಬಿಣದ ಗೇಟು, ಈಳಿಗೆ ಮಣೆಯ ಕಟ್ಟಿಗೆ ಎಲ್ಲಕ್ಕೂ ಬರುತ್ತದೆ. ಒಳ್ಳೆಯ ಎಣ್ಣೆ ಸೋಸಿ ಉಳಿದ ಚರಟವನ್ನು ನಾನು ಎಸೆಯುತ್ತಿದ್ದೆ. ಈಗ ಎಸೆಯಲು ಅತ್ತೆ ಬಿಡುವುದಿಲ್ಲ. ಚಳಿಗಾಲದ ಸಂಜೆ ಕಡಲೆಹಿಟ್ಟು ಬೆರೆಸಿ ಉಂಡೆ ಮಾಡಿಕೊಂಡು, ಬಚ್ಚಲ ಕಲ್ಲಿನ ಮೇಲೆ ಕೂತು ಒಡೆದ ಹಿಮ್ಮಡಿಗೆ ತಿಕ್ಕುತ್ತಾರೆ. ಎಣ್ಣೆ ಸೋಸುವ ದಿನ ಅವರೇ ಬಟ್ಟಲು ಹಿಡಿದು ಪಕ್ಕದಲ್ಲಿ ನಿಂತು, ‘ಅಷ್ಟ್ಯಾಕ ಹಿಂಡ್ತೀಯವ್ವ, ನನಗೂ ಒಂದೀಟು ಉಳಸು’ ಅನ್ನುತ್ತಾರೆ.